ಹೈಬ್ರಿಡ್ ಕಾರಿನ ಟ್ಯಾಂಕ್ ಫುಲ್ ಮಾಡಿಸಿದ ಮೇಲೆ ವಾಸನೆ, ಜರ್ಕ್, ಎಂಜಿನ್ ಲೈಟ್: ಎಲ್ಲಿಂದ ನೋಡಬೇಕು?

ಕೊಡಗಿನಲ್ಲಿ ಮಳೆಗಾಲ ಶುರುವಾಯಿತು ಅಂದರೆ ಟ್ಯಾಂಕ್ ಫುಲ್ ಮಾಡಿಸಿ ಇಡುವುದು ರೂಢಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋಗಿದ್ದನ್ನು ಕಂಡವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಕರೆಂಟ್ ಇಲ್ಲ, ದಾರಿ ಇಲ್ಲ ಅನ್ನುವ ದಿನ ಮತ್ತೆ ಬಂದರೆ ಕಾರಾದರೂ ರೆಡಿ ಇರಲಿ ಅನ್ನುವ ಯೋಚನೆ ಸರಿಯಾದದ್ದೇ.

ತೊಂದರೆ ಶುರುವಾಗುವುದು ಟ್ಯಾಂಕ್ ಫುಲ್ ಆದ ನಂತರದ ಅರ್ಧ ನಿಮಿಷದಲ್ಲಿ. ನಾಝಲ್ ಟಕ್ ಅಂತ ನಿಲ್ಲುತ್ತದೆ. ಬಂಕ್ ಹುಡುಗ ಮೀಟರ್ ನೋಡಿ ‘ರೌಂಡ್ ಮಾಡ್ಲಾ?’ ಅಂತಾನೆ. ನಾವು ಹೂಂ ಅನ್ನುತ್ತೇವೆ. ಅವನು ನಾಝಲ್ಲನ್ನು ಸ್ವಲ್ಪ ಹೊರಗೆಳೆದು, ಟ್ರಿಗರ್ ಅರ್ಧ ಒತ್ತಿ, ಬಿಟ್ಟು, ನೊರೆ ಇಳಿಯುವವರೆಗೆ ಕಾದು, ಮತ್ತೆ ಒತ್ತುತ್ತಾನೆ. ಕೊನೆಗೆ ಪೆಟ್ರೋಲ್ ಟ್ಯಾಂಕಿನ ಬಾಯಿಯ ಹತ್ತಿರವೇ ಬಂದು ಹೊಳೆಯುತ್ತದೆ. ಆಮೇಲೆ ಎರಡು ಮೂರು ದಿನಕ್ಕೆ ಶೆಡ್ಡಿನಲ್ಲಿ ವಾಸನೆ, ಎಂಜಿನ್ ಆನ್ ಆಗುವಾಗ ಜರ್ಕ್, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟ್. ಬ್ಯಾಟರಿ ಹೋಯಿತೋ ಏನೋ ಅಂತ ಭಯಪಡುವವರೇ ಜಾಸ್ತಿ. ಎಷ್ಟೋ ಸಲ ಬ್ಯಾಟರಿಗೂ ಇದಕ್ಕೂ ಸಂಬಂಧವೇ ಇರುವುದಿಲ್ಲ. ಹಾಗಾಗಿ ವರ್ಕ್‌ಶಾಪಿಗೆ ಓಡುವ ಮೊದಲು ಬಂಕ್ ಬಿಲ್ಲು ಮತ್ತು ಟ್ಯಾಂಕಿನ ಮುಚ್ಚಳ ನೋಡಿ. ಎರಡಕ್ಕೂ ಖರ್ಚಿಲ್ಲ.

ಕೈ ಹಾಕುವ ಮೊದಲು

ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರಿನಲ್ಲೂ ಓಡುವ ಕಾರು. ಅದು ಸದ್ದಿಲ್ಲದೆ ನಿಂತಿದೆ ಅಂದ ಮಾತ್ರಕ್ಕೆ ಆಫ್ ಆಗಿದೆ ಅಂತಲ್ಲ. ‘ರೆಡಿ’ ದೀಪ ಉರಿಯುತ್ತಿದ್ದರೆ ಎಂಜಿನ್ ತನ್ನಷ್ಟಕ್ಕೆ ಯಾವ ಕ್ಷಣದಲ್ಲೂ ಸ್ಟಾರ್ಟ್ ಆಗಬಹುದು. ಕೆಳಗೆ ಬಗ್ಗಿ ನೋಡುವ ಮೊದಲು, ಬಾನೆಟ್ ಒಳಗೆ ಕೈ ಹಾಕುವ ಮೊದಲು ಪವರ್ ಬಟನ್ ಒತ್ತಿ ಪೂರ್ತಿ ಆಫ್ ಮಾಡಿ. ಕೀಯನ್ನು ಮನೆಯೊಳಗೆ ಇಟ್ಟು ಬನ್ನಿ, ಜೇಬಿನಲ್ಲಿ ಬೇಡ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಹೈ ವೋಲ್ಟೇಜ್‌ನವು. ಅವನ್ನು ಮುಟ್ಟಬೇಡಿ, ಒರೆಸಲೂ ಬೇಡಿ.

ಇನ್ನೊಂದು ನಮ್ಮೂರಿನ ಮಾತು. ತೋಟದ ಮನೆಗಳಲ್ಲಿ ಕಾರ್ ಶೆಡ್ಡಿನ ಪಕ್ಕದಲ್ಲೇ ಬಚ್ಚಲ ಒಲೆ ಇರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡಿ ಇಳಿಜಾರಿನ ಕಡೆಗೆ ಜಾರುತ್ತದೆ. ಶೆಡ್ಡು ಮೇಲೆ, ಒಲೆ ಕೆಳಗೆ ಇದ್ದರೆ ಅದರಷ್ಟು ಅಪಾಯ ಬೇರೆ ಇಲ್ಲ. ಶೆಡ್ಡಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಮೊದಲು ಒಲೆ ಆರಿಸಿ, ಬಾಗಿಲು ತೆರೆದಿಡಿ, ಲೈಟ್ ಸ್ವಿಚ್ ಮುಟ್ಟಬೇಡಿ. ಜನರೇಟರ್, ಇನ್ವರ್ಟರ್ ಅದೇ ಶೆಡ್ಡಿನಲ್ಲಿದ್ದರೆ ಅವುಗಳ ವಿಷಯದಲ್ಲೂ ಇದೇ ಎಚ್ಚರ ಇರಲಿ.

ಟ್ಯಾಂಕಿನ ಮೇಲಿನ ಖಾಲಿ ಜಾಗ ಸುಮ್ನೆ ಬಿಟ್ಟದ್ದಲ್ಲ

ಲಕ್ಷಣಗಳು ಅರ್ಥವಾಗಬೇಕಾದರೆ ಇದಿಷ್ಟು ಗೊತ್ತಿರಬೇಕು. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ಸದಾ ಆವಿ ಇರುತ್ತದೆ. ಅದನ್ನು ಹೊರಗೆ ಬಿಡುವ ಹಾಗಿಲ್ಲ. ಆದ್ದರಿಂದ ಒಂದು ಪೈಪ್ ಆ ಆವಿಯನ್ನು ಇದ್ದಿಲು ತುಂಬಿದ ಒಂದು ಡಬ್ಬಿಗೆ ಒಯ್ಯುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಕ್ಯಾನಿಸ್ಟರ್ ಅನ್ನುತ್ತಾರೆ. ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ಎಂಬ ಸಣ್ಣ ವಾಲ್ವ್ ತೆರೆದು, ಆ ಆವಿಯನ್ನು ಎಂಜಿನ್ ಎಳೆದುಕೊಂಡು ಸುಡುತ್ತದೆ. ಹೀಗೆ ಡಬ್ಬಿ ಖಾಲಿಯಾಗಿ ಮತ್ತೆ ಆವಿ ಹಿಡಿಯಲು ತಯಾರಾಗುತ್ತದೆ.

ಈ ಡಬ್ಬಿ ಆವಿಗೆ ಮಾತ್ರ. ದ್ರವ ಪೆಟ್ರೋಲ್ ಅದರೊಳಗೆ ಹೋದರೆ, ನೀರಲ್ಲಿ ನೆನೆದ ಇದ್ದಿಲು ಒಲೆಗೆ ಹೇಗೆ ಬೇಡವೋ ಹಾಗೆ, ಅದು ಕೆಲಸಕ್ಕೆ ಬಾರದ ಸ್ಥಿತಿಗೆ ಹೋಗುತ್ತದೆ. ದ್ರವ ಅಲ್ಲಿಗೆ ಹೋಗದಿರಲಿ ಅಂತಲೇ ಟ್ಯಾಂಕಿನ ಮೇಲ್ಭಾಗದಲ್ಲಿ ತೇಲುವ ವಾಲ್ವ್ ಇದೆ. ಪೆಟ್ರೋಲ್ ಒಂದು ಮಟ್ಟಕ್ಕೆ ಬಂದಾಗ ಅದು ಮುಚ್ಚುತ್ತದೆ, ಪೈಪಿನಲ್ಲಿ ಪೆಟ್ರೋಲ್ ಏರುತ್ತದೆ, ನಾಝಲ್ ತುದಿಯ ಸಣ್ಣ ತೂತು ಮುಚ್ಚಿ ಟಕ್ ಅನ್ನುತ್ತದೆ. ಕಾರು ಸಾಕು ಅಂತ ಹೇಳುವುದು ಹೀಗೆ. ಆಮೇಲೂ ತುರುಕಿದರೆ ಪೆಟ್ರೋಲ್ ಆವಿಯ ದಾರಿ ಹಿಡಿಯುತ್ತದೆ.

ಈಗ ಹೈಬ್ರಿಡ್ ವಿಷಯಕ್ಕೆ ಬನ್ನಿ. ಮಾಮೂಲಿ ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಸದಾ ಓಡುತ್ತಿರುತ್ತದೆ, ಡಬ್ಬಿ ಖಾಲಿಯಾಗಲು ಸಮಯ ಸಿಗುತ್ತದೆ. ಹೈಬ್ರಿಡ್‌ನಲ್ಲಿ ಪೇಟೆಯೊಳಗೆ, ನಿಧಾನ ಓಟದಲ್ಲಿ, ಇಳಿಜಾರಿನಲ್ಲಿ ಎಂಜಿನ್ ಮಲಗಿರುತ್ತದೆ. ಆ ಹೊತ್ತಿನಲ್ಲಿ ಡಬ್ಬಿಯಿಂದ ಆವಿ ಎಳೆಯುವವರು ಯಾರೂ ಇಲ್ಲ.

ಇದಕ್ಕೆ ನಮ್ಮ ಘಾಟಿಯನ್ನು ಸೇರಿಸಿ ನೋಡಿ. ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಮೇಲಿರುವ ಮಡಿಕೇರಿಯಲ್ಲಿ ಬೆಳಿಗ್ಗೆ ಚಳಿಯಲ್ಲಿ ಫುಲ್ ಟ್ಯಾಂಕ್ ಮಾಡಿಸಿದಿರಿ. ಸಂಪಾಜೆಯವರೆಗೆ ಇಳಿಜಾರು. ಎಂಜಿನ್ ಹೆಚ್ಚು ಓಡುವುದಿಲ್ಲ, ಓಡಿದರೂ ಬ್ರೇಕ್ ಹಿಡಿಯಲು ಸುಮ್ಮನೆ ತಿರುಗುತ್ತದೆ, ಪೆಟ್ರೋಲ್ ಖರ್ಚಾಗುವುದಿಲ್ಲ. ಸುಳ್ಯ, ಪುತ್ತೂರು ದಾಟುವಾಗ ಬಿಸಿಲು. ಪೆಟ್ರೋಲ್ ಒಂದು ಡಿಗ್ರಿ ಬಿಸಿಗೆ ಸುಮಾರು ಸಾವಿರದಲ್ಲಿ ಒಂದು ಭಾಗದಷ್ಟು ಹಿಗ್ಗುತ್ತದೆ. 45 ಲೀಟರ್ ಪೆಟ್ರೋಲ್ 12 ಡಿಗ್ರಿ ಬಿಸಿಯಾದರೆ ಸುಮಾರು ಅರ್ಧ ಲೀಟರ್ ಜಾಸ್ತಿ ಜಾಗ ಕೇಳುತ್ತದೆ. ಮೊದಲ ಕಟ್‌ಗೆ, ಅಂದರೆ ನಾಝಲ್ ಮೊದಲ ಸಲ ಟಕ್ ಅಂದಾಗಲೇ, ನಿಲ್ಲಿಸಿದ್ದರೆ ಆ ಜಾಗ ಟ್ಯಾಂಕಿನಲ್ಲೇ ಇರುತ್ತಿತ್ತು. ರೌಂಡ್ ಮಾಡಿಸಿದವರ ಕಾರಿನಲ್ಲಿ ಅದು ಇರುವುದಿಲ್ಲ.

ಲಕ್ಷಣ: ಟ್ಯಾಂಕ್ 45 ಲೀಟರ್, ಬಿಲ್ಲು 47 ಲೀಟರ್

ಗ್ರಾಂಡ್ ವಿಟಾರಾ ಮತ್ತು ಹೈರೈಡರ್ ಹೈಬ್ರಿಡ್‌ಗಳ ಟ್ಯಾಂಕ್ 45 ಲೀಟರ್. ಸಿಟಿ ಹೈಬ್ರಿಡ್‌ನದು 40. ಇನ್ನೋವಾ ಹೈಕ್ರಾಸ್, ಇನ್ವಿಕ್ಟೋ 52. ಇದಕ್ಕಿಂತ ಜಾಸ್ತಿ ಬಿಲ್ಲು ಬಂದರೆ ತಕ್ಷಣ ಬಂಕಿನವರ ಜೊತೆ ಜಗಳ. ಸ್ವಲ್ಪ ತಡೆಯಿರಿ. ಕಂಪನಿ ಹೇಳುವುದು ತುಂಬಿಸಬೇಕಾದ ಪ್ರಮಾಣ. ಅದರ ಮೇಲೆ ಹಿಗ್ಗಲು ಬಿಟ್ಟ ಜಾಗ ಇದೆ, ಬಾಯಿಯಿಂದ ಟ್ಯಾಂಕಿನವರೆಗಿನ ಪೈಪ್ ಇದೆ. ಎಲ್ಲವನ್ನೂ ತುಂಬಿಸಿದರೆ ಲೆಕ್ಕ ಮೀರುವುದು ಸಹಜ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಮೊದಲ ಕಟ್ ಆದಾಗ ಮೀಟರ್‌ನಲ್ಲಿ ಎಷ್ಟಿತ್ತು? ಕಟ್ ಆದ ಮೇಲೂ ಎರಡು ಮೂರು ಲೀಟರ್ ಹಾಕಿಸಿದ್ದರೆ ಬಂಕ್ ಮೋಸ ಮಾಡಿಲ್ಲ, ಟ್ಯಾಂಕ್ ಓವರ್‌ಫಿಲ್ ಆಗಿದೆ ಅಂತ ಅರ್ಥ. ಅದೇ ಗೇಜಿನಲ್ಲಿ ಅರ್ಧ ಟ್ಯಾಂಕ್ ಇದ್ದಾಗ, ಮೊದಲ ಕಟ್‌ಗೇ 40 ಲೀಟರ್ ಹೋಗಿದ್ದರೆ ಅನುಮಾನಪಡಬೇಕು. ಬಂಕಿನಲ್ಲಿ 5 ಲೀಟರ್ ಅಳತೆಯ ಮುದ್ರೆ ಹಾಕಿದ ಪಾತ್ರೆ ಇರಲೇಬೇಕು. ಅದರಲ್ಲಿ ಅಳೆದು ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. 5 ಲೀಟರಿಗೆ 25 ಮಿಲಿಯಷ್ಟು ಹೆಚ್ಚುಕಮ್ಮಿಗೆ ಅವಕಾಶ ಇದೆ. ಅದನ್ನು ಮೀರಿದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು.

ಓವರ್‌ಫಿಲ್ ಆಗಿದೆ ಅಂತ ಖಾತ್ರಿಯಾದರೆ, ಮತ್ತು ಎಲ್ಲೂ ತೊಟ್ಟಿಕ್ಕುತ್ತಿಲ್ಲ ಅಂದರೆ, ಒಳ್ಳೆಯ ಉಪಾಯ ಓಡಿಸುವುದು. ತಕ್ಷಣ ಶೆಡ್ಡಿಗೆ ಹಾಕಬೇಡಿ, ಬಿಸಿಲಿನಲ್ಲೂ ನಿಲ್ಲಿಸಬೇಡಿ. ಕುಶಾಲನಗರದಿಂದ ಪಿರಿಯಾಪಟ್ಟಣದ ಕಡೆಗಿನಂಥ ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋದರೆ ಎಂಜಿನ್ ಆಗಾಗ ಓಡುತ್ತದೆ, ಪೆಟ್ರೋಲ್ ಮಟ್ಟ ಇಳಿಯುತ್ತದೆ. ಘಾಟಿ ಇಳಿಯುವುದು ಆ ದಿನ ಬೇಡ. ಪೈಪ್ ಹಾಕಿ ಬಾಯಿಯಿಂದ ಪೆಟ್ರೋಲ್ ಎಳೆಯುವ ಹಳೇ ಪದ್ಧತಿ ಅಂತೂ ಖಂಡಿತ ಬೇಡ. ಶ್ವಾಸಕೋಶಕ್ಕೆ ಪೆಟ್ರೋಲ್ ಹೋದರೆ ಪ್ರಾಣಕ್ಕೇ ಕುತ್ತು.

ಲಕ್ಷಣ: ಟ್ಯಾಂಕ್ ತುಂಬಿಸಿದ ಮೇಲೆ ಪೆಟ್ರೋಲ್ ವಾಸನೆ

ಇದು ಎಲ್ಲರಿಗೂ ಮೊದಲು ಗೊತ್ತಾಗುವ ಲಕ್ಷಣ. ವಾಸನೆ ಎಲ್ಲಿ, ಯಾವಾಗ ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಮುಚ್ಚಳದ ಹತ್ತಿರ ಮಾತ್ರ ವಾಸನೆ ಇದ್ದರೆ ಬಂಕಿನಲ್ಲಿ ಚೆಲ್ಲಿದ ಪೆಟ್ರೋಲ್ ಇರಬಹುದು. ಬಾಯಿಯ ಸುತ್ತ ನೀರು ಹಾಕಿ ತೊಳೆಯಿರಿ. ತೊಳೆಯುವಾಗ ಮುಚ್ಚಳ ಬಿಗಿಯಾಗಿರಲಿ. ಒಂದು ದಿನದಲ್ಲಿ ವಾಸನೆ ಹೋಗಬೇಕು.

ಹೋಗದಿದ್ದರೆ ಮುಚ್ಚಳ ಬಿಚ್ಚಿ ಒಳಗಿನ ರಬ್ಬರ್ ಉಂಗುರ ನೋಡಿ. ಬೆರಳಿನಿಂದ ಸುತ್ತ ಸವರಿದರೆ ಬಿರುಕು ಇದ್ದರೆ ಉಗುರಿಗೆ ಸಿಗುತ್ತದೆ. ಕೆಂಪು ಮಣ್ಣಿನ ಕಣ, ಕಾಫಿ ಸಿಪ್ಪೆಯ ಧೂಳು ಅಂಟಿದ್ದರೂ ಸೀಲ್ ಕೂರುವುದಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಕಟಕಟ ಸದ್ದು ಬರುವವರೆಗೆ ತಿರುಗಿಸಿ. ಉಂಗುರ ಒಡೆದಿದ್ದರೆ ಮುಚ್ಚಳವನ್ನೇ ಬದಲಿಸಿ, ಕಂಪನಿಯದ್ದನ್ನೇ ಹಾಕಿ. ಮುಚ್ಚಳದಲ್ಲೂ ಗಾಳಿ ಒಳಗೆ ಬಿಡುವ ಸಣ್ಣ ವಾಲ್ವ್ ಇರುತ್ತದೆ. ನೋಡಲು ಒಂದೇ ಥರ ಇದೆ ಅಂತ ಸಿಕ್ಕಿದ್ದನ್ನು ಹಾಕಿದರೆ ಇನ್ನೊಂದು ತೊಂದರೆ.

ಮುಚ್ಚಳ ಸರಿ ಇದೆ, ಆದರೂ ಕಾರಿನ ಹಿಂದೆ ವಾಸನೆ ಇದೆ ಅಂದಾಗ ಕ್ಯಾನಿಸ್ಟರ್ ನೆನೆದಿರುವ ಸಾಧ್ಯತೆ ಜಾಸ್ತಿ. ಹಲವು ಕಾರುಗಳಲ್ಲಿ ಈ ಡಬ್ಬಿ ಹಿಂದೆ, ಟ್ಯಾಂಕಿನ ಹತ್ತಿರವೇ ಇರುತ್ತದೆ. ರಾತ್ರಿ ಕಾರಿನ ಕೆಳಗೆ ಹಿಂಭಾಗದಲ್ಲಿ ದೊಡ್ಡ ರಟ್ಟು ಹಾಸಿ ಇಡಿ. ಬೆಳಿಗ್ಗೆ ನೋಡಿ. ಎಸಿ ನೀರು ಬೀಳುವುದು ಮುಂಭಾಗದಲ್ಲಿ, ಅದಕ್ಕೆ ವಾಸನೆ ಇಲ್ಲ. ಪೆಟ್ರೋಲ್ ಬಿದ್ದರೆ ಬೇಗ ಆರುತ್ತದೆ, ಆದರೆ ರಟ್ಟಿನ ಮೇಲೆ ಅಂಚು ಉಳಿಯುತ್ತದೆ, ಮೂಗಿಗೆ ಹಿಡಿದರೆ ತಿಳಿಯುತ್ತದೆ. ಒಂದು ತೊಟ್ಟು ಬಿದ್ದಿದ್ದರೂ ಕಾರು ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ರಟ್ಟು ಒಣಗಿಯೇ ಇದ್ದರೆ, ವಾಸನೆ ದಿನೇ ದಿನೇ ಕಡಿಮೆಯಾಗುತ್ತಿದ್ದರೆ, ಇದ್ದಿಲು ನಿಧಾನಕ್ಕೆ ಒಣಗುತ್ತಿದೆ ಅಂತ ತಿಳಿಯಬಹುದು. ಟ್ಯಾಂಕ್ ಅರ್ಧಕ್ಕೆ ಇಳಿದರೂ ವಾಸನೆ ಹಾಗೇ ಇದ್ದರೆ ವರ್ಕ್‌ಶಾಪ್.

ಇಲಿಗಳನ್ನು ಮರೆಯಬೇಡಿ. ತೋಟದ ಶೆಡ್ಡಿನಲ್ಲಿ ನಿಂತ ಕಾರಿನ ವೈರ್, ರಬ್ಬರ್ ಪೈಪ್ ಎರಡನ್ನೂ ಅವು ಬಿಡುವುದಿಲ್ಲ. ಟಾರ್ಚ್ ಹಿಡಿದು ಹಲ್ಲಿನ ಗುರುತು, ಪೈಪಿನ ಚೂರು, ಹಿಕ್ಕೆ ಇದೆಯಾ ನೋಡಿ. ಮೊಬೈಲ್ ಟಾರ್ಚನ್ನು ಶೆಡ್ಡಿನ ಹೊರಗೇ ಆನ್ ಮಾಡಿಕೊಂಡು ಬನ್ನಿ. ಇಲಿ ಕಡಿದ ಪೈಪಿಗೆ ಟೇಪ್ ಸುತ್ತುವುದು ರಿಪೇರಿ ಅಲ್ಲ.

ವಾಸನೆ ಮುಂದಿನಿಂದ, ಅದೂ ಎಂಜಿನ್ ಓಡುವಾಗ ಬರುತ್ತಿದ್ದರೆ ಇದು ಓವರ್‌ಫಿಲ್ ವಿಷಯವೇ ಅಲ್ಲ. ಎಂಜಿನ್‌ಗೆ ಪೆಟ್ರೋಲ್ ಒಯ್ಯುವ ಪೈಪ್ ಒತ್ತಡದಲ್ಲಿರುತ್ತದೆ, ಅಲ್ಲಿ ಸೋರಿದರೆ ಬಿಸಿ ಎಂಜಿನ್ ಮೇಲೆ ಬೀಳಬಹುದು. ಅಲ್ಲೇ ನಿಲ್ಲಿಸಿ, ಆಫ್ ಮಾಡಿ, ಎಲ್ಲರೂ ಇಳಿದು ದೂರ ಹೋಗಿ. ಬಾನೆಟ್ ತೆರೆದು ನೋಡುವ ಕುತೂಹಲ ಬೇಡ.

ಲಕ್ಷಣ: ಫುಲ್ ಟ್ಯಾಂಕ್ ಆದ ಮೇಲೆ ಎಂಜಿನ್ ಆನ್ ಆಗುವಾಗ ಜರ್ಕ್, ನಡುಕ

ಮಾಮೂಲಿ ಕಾರಿನಲ್ಲಿ ಈ ತೊಂದರೆ ಬಂಕಿನಲ್ಲೇ ಕಾಣುತ್ತದೆ, ಕಾರು ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಹೈಬ್ರಿಡ್ ಬ್ಯಾಟರಿಯಲ್ಲೇ ಬಂಕಿನಿಂದ ಹೊರಟುಬಿಡುತ್ತದೆ. ಎರಡು ಕಿಲೋಮೀಟರ್ ಆದ ಮೇಲೆ, ಏರಿನಲ್ಲಿ ಎಂಜಿನ್ ಕರೆದಾಗ ನಡುಕ ಬರುತ್ತದೆ. ಹಾಗಾಗಿ ಪೆಟ್ರೋಲ್ ತುಂಬಿಸಿದ್ದಕ್ಕೂ ಇದಕ್ಕೂ ಯಾರೂ ನಂಟು ಹಾಕುವುದಿಲ್ಲ. ಹೈಬ್ರಿಡ್ ಸಿಸ್ಟಮ್ಮೇ ಕೆಟ್ಟಿತು ಅಂದುಕೊಳ್ಳುತ್ತಾರೆ.

ಕಾರಣ ಸಾಮಾನ್ಯವಾಗಿ ಎರಡು. ಒಂದು, ನೆನೆದ ಕ್ಯಾನಿಸ್ಟರ್‌ನಿಂದ ಎಂಜಿನ್ ಬರೀ ಆವಿಯ ಬದಲು ತೀರಾ ದಟ್ಟ ಆವಿ ಅಥವಾ ಪೆಟ್ರೋಲನ್ನೇ ಎಳೆದುಕೊಳ್ಳುತ್ತದೆ. ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ ಆಗಿ ಸರಿಯಾಗಿ ಉರಿಯುವುದಿಲ್ಲ. ಎರಡು, ಪರ್ಜ್ ವಾಲ್ವ್ ಮುಚ್ಚದೆ ತೆರೆದೇ ಉಳಿದಿದೆ. ಕ್ಯಾನಿಸ್ಟರ್ ಒಡೆದು ಇದ್ದಿಲಿನ ಪುಡಿ ಬಂದು ವಾಲ್ವಿನಲ್ಲಿ ಕೂತರೂ ಹೀಗಾಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು ಗಮನಿಸುವುದು ಮಾತ್ರ. ಜರ್ಕ್ ಫುಲ್ ಟ್ಯಾಂಕ್ ಆದ ಮೊದಲ ದಿನ ಬಂದು, ಟ್ಯಾಂಕ್ ಇಳಿದ ಹಾಗೆ ಹೋಗುತ್ತದಾ? ಮುಂದಿನ ಸಲ ಮೊದಲ ಕಟ್‌ಗೆ ನಿಲ್ಲಿಸಿದರೆ ಬರುವುದೇ ಇಲ್ಲವಾ? ಹಾಗಾದರೆ ಓವರ್‌ಫಿಲ್ಲೇ ಕಾರಣ, ಡಬ್ಬಿ ಇನ್ನೂ ಪೂರ್ತಿ ಹಾಳಾಗಿಲ್ಲ. ಮೊದಲ ಕಟ್‌ಗೆ ನಿಲ್ಲಿಸಿದಾಗಲೂ ಬಂದರೆ ವಾಲ್ವ್ ಅಥವಾ ಡಬ್ಬಿ ಕೆಟ್ಟಿದೆ. ಟ್ಯಾಂಕ್ ಎಷ್ಟಿದ್ದರೂ ಜರ್ಕ್ ಇದ್ದರೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್ ಕಡೆ ನೋಡಬೇಕು. ಒಂದೇ ಬಂಕಿನ ಪೆಟ್ರೋಲ್ ಹಾಕಿಸಿದಾಗ ಮಾತ್ರ ಬರುತ್ತಿದ್ದರೆ ನೀರು ಸೇರಿದೆಯೇ ಅಂತ ನೋಡಬೇಕು. ಈಗಿನ ಇ20 ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಕೊಡಗಿನ ಮಳೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹಳೇ ಕಾರಿನಲ್ಲಿ ಪರ್ಜ್ ಪೈಪ್ ಬಿಚ್ಚಿ, ಎಂಜಿನ್ ಐಡ್ಲಿಂಗ್‌ನಲ್ಲಿ ಬೆರಳಿಟ್ಟು ಎಳೆತ ನೋಡುವ ಪದ್ಧತಿ ಇತ್ತು. ಹೈಬ್ರಿಡ್‌ನಲ್ಲಿ ಎಂಜಿನ್ ಯಾವಾಗ ಓಡಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ಇದನ್ನು ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರಿಗೆ ಬಿಡಿ.

ಲಕ್ಷಣ: ಹಳದಿ ಎಂಜಿನ್ ಲೈಟ್

ಲೈಟ್ ಒಂದೇ ಸಮ ಉರಿಯುತ್ತಿದ್ದು, ಕಾರು ಸರಿಯಾಗಿ ಓಡುತ್ತಿದ್ದರೆ ಗಾಬರಿ ಬೇಡ. ಮುಚ್ಚಳ ಬಿಚ್ಚಿ, ಒರೆಸಿ, ಬಿಗಿಯಾಗಿ ಹಾಕಿ. ಲೈಟ್ ತಕ್ಷಣ ಆರುವುದಿಲ್ಲ. ಕಾರು ತಾನೇ ಸೋರಿಕೆ ಪರೀಕ್ಷೆ ಮಾಡಿಕೊಂಡು, ಹಲವು ಸಲ ಸರಿ ಅಂತ ಕಂಡ ಮೇಲೆ ಆರಿಸುತ್ತದೆ. ಟ್ಯಾಂಕ್ ತೀರಾ ತುಂಬಿದ್ದಾಗ ಅಥವಾ ತೀರಾ ಖಾಲಿ ಇದ್ದಾಗ ಈ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದಿಲ್ಲ. ಆದ್ದರಿಂದಲೇ ಓವರ್‌ಫಿಲ್ ಆದ ದಿನ ಲೈಟ್ ಬರದೆ, ಟ್ಯಾಂಕ್ ಸ್ವಲ್ಪ ಇಳಿದ ಮೇಲೆ ಬರುವುದುಂಟು.

ನಿಮ್ಮ ಹತ್ತಿರ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಇದ್ದರೆ ಕಾರು ದಾಖಲಿಸಿದ ತೊಂದರೆಯ ಕೋಡ್ ಓದಿ ಬರೆದಿಡಿ. ಪಿ0457 ಅಥವಾ ಪಿ0455 ಇದ್ದರೆ ಮುಚ್ಚಳದಿಂದ ಶುರು ಮಾಡಿ. ಪಿ0442, ಪಿ0456 ಸಣ್ಣ ಸೋರಿಕೆ, ಉಂಗುರ ಅಥವಾ ಪೈಪ್ ಇರಬಹುದು. ಪಿ0441 ಪರ್ಜ್ ಹರಿವಿನ ತೊಂದರೆ. ಪಿ0446 ಕ್ಯಾನಿಸ್ಟರ್‌ಗೆ ಗಾಳಿ ಬರುವ ದಾರಿಯದ್ದು. ಪಿ0172 ಅಂದರೆ ಪೆಟ್ರೋಲ್ ಪಾಲು ಜಾಸ್ತಿ, ನೆನೆದ ಡಬ್ಬಿಯ ಅನುಮಾನಕ್ಕೆ ಬಲ. ಕೋಡ್ ಅಳಿಸಬೇಡಿ. ಅಳಿಸಿದರೆ ತೊಂದರೆ ಬಂದ ಹೊತ್ತಿನ ದಾಖಲೆಯೂ ಹೋಗುತ್ತದೆ, ಮೆಕ್ಯಾನಿಕ್‌ಗೆ ಹುಡುಕಲು ಏನೂ ಉಳಿಯುವುದಿಲ್ಲ.

ಲೈಟ್ ಮಿಣಮಿಣ ಅಂತ ಹೊಡೆದುಕೊಳ್ಳುತ್ತಿದ್ದರೆ ಎಂಜಿನ್ ಮಿಸ್‌ಫೈರ್ ಆಗುತ್ತಿದೆ. ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ. ಹೈಬ್ರಿಡ್ ಸಿಸ್ಟಮ್ ಚೆಕ್ ಮಾಡಿ ಎಂಬ ಸಂದೇಶ ಬಂದರೂ ಅಷ್ಟೇ, ನಿಲ್ಲಿಸಿ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ.

ಲಕ್ಷಣ: ಟ್ಯಾಂಕ್ ಅರ್ಧ ಇದ್ದರೂ ನಾಝಲ್ ಪದೇ ಪದೇ ಕಟ್ ಆಗುತ್ತದೆ

ಮೊದಲ ಪರೀಕ್ಷೆ ಬೇರೆ ಬಂಕ್, ಅಥವಾ ಅದೇ ಬಂಕಿನ ಬೇರೆ ಪಂಪ್. ಎರಡನೆಯದು ನಿಂತ ಜಾಗ. ನಮ್ಮ ಕಡೆ ಅಂಗಳ ಓರೆ ಇರುವ ಬಂಕ್‌ಗಳಿವೆ. ಟ್ಯಾಂಕಿನ ಬಾಯಿ ಇರುವ ಬದಿ ತಗ್ಗಿನಲ್ಲಿದ್ದರೆ ಬೇಗ ಕಟ್ ಆಗುತ್ತದೆ, ಎತ್ತರದಲ್ಲಿದ್ದರೆ ಜಾಸ್ತಿ ಹೋಗಬಹುದು. ಸಮತಟ್ಟಾದ ಕಡೆ ನಿಲ್ಲಿಸಿ, ನಾಝಲ್ ಪೂರ್ತಿ ಒಳಗೆ ಹಾಕಿಸಿ, ನಿಧಾನಕ್ಕೆ ಬಿಡಲು ಹೇಳಿ.

ಆದರೂ ಟಕ್ ಟಕ್ ಅಂದರೆ ಟ್ಯಾಂಕಿನ ಗಾಳಿ ಹೊರಹೋಗುವ ದಾರಿ ಕಟ್ಟಿದೆ. ಕ್ಯಾನಿಸ್ಟರ್ ಪೆಟ್ರೋಲಿನಿಂದ ತುಂಬಿದರೆ ಹೀಗಾಗುತ್ತದೆ. ಇನ್ನೊಂದು ಕಾರಣ ನಮ್ಮ ಊರಿಗೆ ತೀರಾ ಹತ್ತಿರದ್ದು: ಕಣಜ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಬೆರಳು ಗಾತ್ರದ ತೂತು ಕಂಡರೆ ಬಿಡುವುದಿಲ್ಲ. ಕೆಲವು ದಿನ ಅಲುಗಾಡದೆ ನಿಂತ ಕಾರಿನ ಗಾಳಿ ಪೈಪಿನ ಬಾಯಲ್ಲಿ ಗಟ್ಟಿ ಮಣ್ಣಿನ ಬಿರಡೆ ಕೂತಿರುತ್ತದೆ, ಒಳಗೆ ಜೇಡದ ಹುಳ ತುಂಬಿರುತ್ತದೆ. ತೋಟದ ದಾರಿಯ ಕೆಸರು ಒಣಗಿ ಮುಚ್ಚುವುದೂ ಇದೆ. ಹೊರಗೆ ಕಾಣುವ ಮಣ್ಣನ್ನು ಮರದ ಕಡ್ಡಿಯಿಂದ ತೆಗೆಯಬಹುದು. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಮಣ್ಣು ಇನ್ನೂ ಒಳಗೆ, ಇದ್ದಿಲಿನವರೆಗೂ ಹೋಗಿ ಕೂರುತ್ತದೆ.

ಇಂಥ ಹೊತ್ತಿನಲ್ಲಿ ಬಂಕ್ ಹುಡುಗರು ಕಟ್ ಆಗದ ಹಾಗೆ ನಾಝಲ್ ಹೊರಗೆಳೆದು ಹಾಕುತ್ತಾರೆ. ಹಾಗೆ ಹಾಕಿಸಿಕೊಳ್ಳಬೇಡಿ. ಟ್ಯಾಂಕ್ ಎಲ್ಲಿಯವರೆಗೆ ತುಂಬಿದೆ ಅಂತ ಹೇಳುವ ಏಕೈಕ ಸೂಚನೆಯನ್ನೇ ತಪ್ಪಿಸಿದ ಹಾಗಾಗುತ್ತದೆ.

ಲಕ್ಷಣ: ಮುಚ್ಚಳ ತೆರೆದಾಗ ‘ಸುಯ್’ ಸದ್ದು

ಘಾಟಿ ಹತ್ತಿ ಇಳಿಯುವ ಕಾರಿಗೆ ಇದು ಹೆಚ್ಚಾಗಿ ಸಹಜ. ಮಡಿಕೇರಿಯಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಕಡಿಮೆ. ಕೆಳಗಿನಿಂದ ಬಂದ ಕಾರಿನ ಟ್ಯಾಂಕಿನಿಂದ ಗಾಳಿ ಹೊರಗೆ ನುಗ್ಗುತ್ತದೆ, ಮೇಲಿನಿಂದ ಹೋದದ್ದು ಒಳಗೆ ಎಳೆಯುತ್ತದೆ. ಮುಚ್ಚಳವನ್ನು ನಿಧಾನ ತಿರುಗಿಸಿ, ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ. ಮುಖ ಹತ್ತಿರ ಬೇಡ. ಊರಲ್ಲೇ ಓಡಾಡಿದ ಕಾರಿನಲ್ಲೂ ಪ್ರತಿ ಸಲ ಜೋರಾಗಿ ಒಳಗೆ ಎಳೆದರೆ ಗಾಳಿ ದಾರಿ ಕಟ್ಟಿದೆ ಅಥವಾ ಪರ್ಜ್ ವಾಲ್ವ್ ತೆರೆದೇ ಇದೆ. ಚಾರ್ಜ್ ಮಾಡುವ ಪ್ಲಗ್ ಇನ್ ಹೈಬ್ರಿಡ್ ಇದ್ದವರ ಕಥೆ ಬೇರೆ. ಅಂಥ ಹಲವು ಕಾರುಗಳ ಟ್ಯಾಂಕ್ ಒತ್ತಡದಲ್ಲಿ ಮುಚ್ಚಿರುತ್ತದೆ. ಬಟನ್ ಒತ್ತಿ, ಒತ್ತಡ ಇಳಿಯುವವರೆಗೆ ಕಾಯಬೇಕು, ಮುಚ್ಚಳ ಎಬ್ಬಲು ಹೋಗಬಾರದು.

ಲಕ್ಷಣ: ಗೇಜ್ ಫುಲ್ ಬಿಟ್ಟು ಇಳಿಯುವುದೇ ಇಲ್ಲ, ಅಥವಾ ಫುಲ್ ತೋರಿಸುವುದಿಲ್ಲ

ಓವರ್‌ಫಿಲ್ ಆದ ಟ್ಯಾಂಕಿನಲ್ಲಿ ತೇಲುವ ಸೆನ್ಸರ್ ತುದಿಯಲ್ಲೇ ಸಿಕ್ಕಿರುತ್ತದೆ, ಮೊದಲ ನೂರು ಕಿಲೋಮೀಟರ್ ಮುಳ್ಳು ಅಲುಗಾಡದೇ ಇರಬಹುದು. ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದ ಗೇಜನ್ನೂ ನಂಬಬೇಡಿ. ಸಮತಟ್ಟಿನಲ್ಲಿ, ಆಫ್ ಮಾಡಿ ಆನ್ ಮಾಡಿ ನೋಡಿ.

ಅಮೆರಿಕದಲ್ಲಿ ಮಾರಾಟವಾದ ಎರಡನೇ ತಲೆಮಾರಿನ ಟೊಯೊಟಾ ಪ್ರಿಯಸ್ ಹೈಬ್ರಿಡ್‌ನ ಟ್ಯಾಂಕಿನೊಳಗೆ ಹಿಗ್ಗಿ ಕುಗ್ಗುವ ಚೀಲ ಇತ್ತು. ಚಳಿಯಲ್ಲಿ ಅದು ಗಡುಸಾಗಿ, ಟ್ಯಾಂಕ್ ಕಡಿಮೆ ಹಿಡಿಯುತ್ತಿತ್ತು. ಅಲ್ಲಿನ ಸಲಹೆಗಳನ್ನು ನಮ್ಮ ಈಗಿನ ಕಾರುಗಳಿಗೆ ಹಚ್ಚಬೇಡಿ.

ರೇಂಜಿಗಾಗಿ ತುರುಕಿಸುತ್ತೇನೆ ಅನ್ನುವವರು ಈ ಲೆಕ್ಕ ನೋಡಿ. 45 ಲೀಟರ್ ಹೈಬ್ರಿಡ್ ನಮ್ಮ ಏರಿಳಿತದಲ್ಲಿ 18 ಕಿಲೋಮೀಟರ್ ಕೊಟ್ಟರೂ 800 ಕಿಲೋಮೀಟರ್ ಆಯಿತು. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 265. ಹೋಗಿ ಬಂದರೂ ಮಿಗುತ್ತದೆ. ಆ ಒಂದು ಲೀಟರ್ ಯಾಕೆ ಬೇಕು, ಅಲ್ವಾ?

ಹಾಗಂತ ತೀರಾ ಖಾಲಿಯಾಗಲೂ ಬಿಡಬೇಡಿ. ಪೆಟ್ರೋಲ್ ಮುಗಿದರೆ ಬ್ಯಾಟರಿಯಲ್ಲಿ ಓಡಿಸಿಕೊಂಡು ಹೋಗಬಹುದು ಅನ್ನುವುದು ತಪ್ಪು ಲೆಕ್ಕ. ಹಲವು ಹೈಬ್ರಿಡ್‌ಗಳಲ್ಲಿ ಎಂಜಿನ್ ಸ್ಟಾರ್ಟ್ ಮಾಡುವುದೂ ಅದೇ ದೊಡ್ಡ ಬ್ಯಾಟರಿ. ಅದೂ ಇಳಿದರೆ ಮಾಕುಟ್ಟದ ಕಾಡಿನ ನಡುವೆ ಕ್ಯಾನಿನಲ್ಲಿ ಪೆಟ್ರೋಲ್ ತಂದು ಹಾಕಿದರೂ ಕಾರು ಏಳುವುದಿಲ್ಲ.

ಇಲ್ಲಿಗೆ ನಿಲ್ಲಿಸಿ, ಸಹಾಯ ಕರೆಯಿರಿ

ಕಾರಿನ ಕೆಳಗೆ ದ್ರವ ಪೆಟ್ರೋಲ್ ಕಂಡರೆ, ಕಾರಿನೊಳಗೆ ಕಣ್ಣು ಉರಿಯುವಷ್ಟು ವಾಸನೆ ಬಂದರೆ, ತಲೆ ತಿರುಗಿದರೆ, ಮುಂದೆ ನೋಡುವುದು ಏನೂ ಇಲ್ಲ. ಆಫ್ ಮಾಡಿ, ಇಳಿದು, ಗಾಳಿ ಬರುವ ಕಡೆಗೆ ದೂರ ಹೋಗಿ. ಬೆಂಕಿ ಕಂಡರೆ 101 ಅಥವಾ 112. ಹೈಬ್ರಿಡ್ ಕಾರು ಅಂತ ಮೊದಲೇ ಹೇಳಿ, ಹೈ ವೋಲ್ಟೇಜ್ ಇರುವುದು ಅವರಿಗೆ ಗೊತ್ತಾಗಬೇಕು. ಪೆಟ್ರೋಲ್ ಬೆಂಕಿಗೆ ಬಕೆಟ್ ನೀರು ಎರಚಬೇಡಿ, ಉರಿ ಹರಡುತ್ತದೆ.

ವರ್ಕ್‌ಶಾಪಿಗೆ ಹೋಗುವಾಗ ಬಂಕ್ ಬಿಲ್ಲು, ತುಂಬಿಸಿದ ದಿನ, ಮೊದಲ ಕಟ್ ಆದ ಮೇಲೆ ಹಾಕಿಸಿದ ಲೀಟರ್, ವಾಸನೆ ಬಂದ ಜಾಗ, ಕೋಡ್ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಓವರ್‌ಫಿಲ್ ಆಗಿದ್ದನ್ನು ಮುಚ್ಚಿಡಬೇಡಿ, ಅದನ್ನು ಹೇಳಿದರೆ ಹುಡುಕಾಟ ನೇರವಾಗಿ ಹಿಂದಿನ ಡಬ್ಬಿಯಿಂದ ಶುರುವಾಗುತ್ತದೆ. ಹೊಗೆ ಬಿಟ್ಟು ಸೋರಿಕೆ ಹುಡುಕುವ ಪರೀಕ್ಷೆ ಮಾಡುತ್ತಾರಾ ಕೇಳಿ. ಕ್ಯಾನಿಸ್ಟರ್ ಬದಲಿಸಬೇಕು ಅಂದರೆ ಹಳೆಯದನ್ನು ಬಿಚ್ಚಿ ತೋರಿಸಲು ಹೇಳಿ. ಅಲುಗಿಸಿದಾಗ ಒಳಗೆ ಪೆಟ್ರೋಲ್ ಕುಲುಕಿದರೆ ಅಥವಾ ಪೈಪಿನ ಬಾಯಲ್ಲಿ ಕಪ್ಪು ಪುಡಿ ಇದ್ದರೆ ಅವರು ಹೇಳಿದ್ದು ಸರಿ. ಕಪ್ಪು ಪುಡಿ ಕಂಡರೆ ಡಬ್ಬಿ ಒಂದನ್ನೇ ಬದಲಿಸಿ ಕಳಿಸಲು ಒಪ್ಪಬೇಡಿ. ಪರ್ಜ್ ವಾಲ್ವ್ ಮತ್ತು ನಡುವಿನ ಪೈಪನ್ನೂ ಸ್ವಚ್ಛ ಮಾಡಿಸಿ ಅಥವಾ ಬದಲಿಸಿ, ಇಲ್ಲದಿದ್ದರೆ ಉಳಿದ ಪುಡಿ ವಾಲ್ವಿನಲ್ಲಿ ಮತ್ತೆ ಕೂರುತ್ತದೆ.